ಕೊಳ್ಳೋ ಸೇರು, ಕೊಡೋ ಸೇರು

(ರಾಯದುರ್ಗ, ಮಡಕಶಿರ ಕಡೆಯ ಕನ್ನಡ ಯುವಕ ಯುವತಿಯರ ಮುಂದೆ ಆಡಿದ ಮಾತು. ಬರಹದಲ್ಲಿ ಹಾಕಿ ಅಂತ ಹಲವರು ಕೇಳಿದ್ದರಿಂದ ಇಲ್ಲಿ ಹಾಕಿದ್ದೇವೆ.)

ರಾಯದುರ್ಗ ಕಡೆಯಿಂದ ಬಂದವರಿದ್ದೀರಿ, ಮಡಕಶಿರದವರಂತೂ ಮನೆಯವರೇ. ಇಷ್ಟು ಬಿಸಿಲಲ್ಲಿ ಬಂದಿದ್ದಕ್ಕೆ ಮೊದಲು ಕೈ ಮುಗೀತೇವೆ. ನಾವು ಸಾಹಿತಿಗಳಲ್ಲ. ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕೂತವರು. ಮಾತು ಸ್ವಲ್ಪ ಲೆಕ್ಕಪತ್ರದ ವಾಸನೆ ಹೊಡೀಬಹುದು, ಸಹಿಸ್ಕೊಳ್ಳಿ.

ಇವತ್ತಿನ ವಿಷಯ ನಿಷ್ಪಕ್ಷಪಾತ. ನಮ್ಮ ಗಡಿನಾಡಿನ ಮನವಿ ಪತ್ರಗಳಲ್ಲಿ ಈ ಪದ ತಪ್ಪದೇ ಬರ್ತದೆ. ತಹಶೀಲ್ದಾರರು ನಿಷ್ಪಕ್ಷಪಾತವಾಗಿ ಕ್ರಮ ಕೈಗೊಳ್ಳಬೇಕು, ಶಿಕ್ಷಣ ಇಲಾಖೆ ನಿಷ್ಪಕ್ಷಪಾತವಾಗಿ ನಡ್ಕೋಬೇಕು, ಎರಡೂ ರಾಜ್ಯ ಸರ್ಕಾರಗಳು ನಿಷ್ಪಕ್ಷಪಾತವಾಗಿ ನಮ್ಮನ್ನು ನೋಡಬೇಕು. ಹತ್ತು ಮನವಿ ತೆಗೆದು ನೋಡಿ, ಆ ಪದ ಯಾವಾಗಲೂ ಎದುರಿನವರ ಕಡೆಗೇ ಬೆರಳು ತೋರಿಸ್ತದೆ. ಕೇಳೋದು ನಮ್ಮ ಹಕ್ಕು, ಕೇಳೋಣ. ಆದರೆ ಕೇಳುವವರಿಗೆ ಆ ಪದದ ಅರ್ಥ ಸರಿಯಾಗಿ ಗೊತ್ತಿರಬೇಕಲ್ಲ? ಅದಕ್ಕೇ ಇವತ್ತು ಬೆರಳನ್ನು ಸ್ವಲ್ಪ ನಮ್ಮ ಕಡೆಗೂ ತಿರುಗಿಸಿ ಮಾತಾಡೋಣ ಅಂತ.

ಪದವನ್ನು ಬಿಡಿಸಿ ನೋಡಿ. ಪಕ್ಷ ಅಂದರೆ ಕಡೆ, ರೆಕ್ಕೆ ಅಂತಲೂ ಅರ್ಥ. ಪಾತ ಅಂದರೆ ಬೀಳೋದು. ಒಂದು ಕಡೆಗೆ ಬಿದ್ದುಬಿಡೋದೇ ಪಕ್ಷಪಾತ. ಹಾಗೆ ಬೀಳದೆ ಇರೋದು ನಿಷ್ಪಕ್ಷಪಾತ. ಇದಕ್ಕೆ ನೆಂಟನ ಹಾಗೆ ಕಾಣೋ ಇನ್ನೊಂದು ಪದ ಇದೆ, ತಟಸ್ಥ. ತಟ ಅಂದರೆ ದಡ, ದಡದಲ್ಲಿ ನಿಂತವನು ತಟಸ್ಥ. ಹೊಳೆಯಲ್ಲಿ ಯಾರು ಮುಳುಗಿದರೂ ಅವನ ಪಂಚೆ ಒದ್ದೆ ಆಗೋದಿಲ್ಲ. ಬಹಳ ಜನ ಇವೆರಡೂ ಒಂದೇ ಅಂದುಕೊಂಡಿದ್ದಾರೆ. ‘ನೀವು ಕನ್ನಡ ಸಂಘದವರು, ನಿಮಗೆಲ್ಲಿಯ ನಿಷ್ಪಕ್ಷಪಾತ?’ ಅಂತ ನಮ್ಮನ್ನು ಕೇಳೋದು ಈ ಗೊಂದಲದಿಂದಲೇ.

ಪಕ್ಷ ಇರೋದು ಬೇರೆ, ಪಕ್ಷಪಾತ ಬೇರೆ. ಊರ ಹಬ್ಬಕ್ಕೆ ಕ್ರಿಕೆಟ್ ಟೂರ್ನಮೆಂಟ್ ಇಡ್ತೀರಲ್ಲ, ಸ್ಕೋರ್ ಬರೆಯೋಕೆ ಯಾರನ್ನು ಕೂರಿಸ್ತೀರಿ? ಊರಿನ ಹುಡುಗನನ್ನೇ. ಅವನು ತನ್ನ ಊರಿನ ಟೀಮು ಗೆಲ್ಲಲಿ ಅಂತ ಬಯಸ್ತಾನೆ, ಬೌಂಡರಿ ಬಿದ್ದರೆ ಎದ್ದು ನಿಂತು ಕೇಕೆ ಹಾಕ್ತಾನೆ. ಹಾಕಲಿ, ಅದು ಅವನ ಪಕ್ಷ. ಕೇಕೆ ಹಾಕಿ ಕೂತ ಮೇಲೆ ಎರಡು ರನ್ನನ್ನು ನಾಲ್ಕು ಅಂತ ಬರೆದರೆ ಮಾತ್ರ ಪಕ್ಷಪಾತ. ನಾವು ಕನ್ನಡದ ಪಕ್ಷದವರು, ಅದನ್ನು ಮುಚ್ಚಿಡೋ ಅಗತ್ಯ ಇಲ್ಲ. ಸ್ಕೋರ್ ಪುಸ್ತಕ ಸರಿಯಾಗಿದೆಯಾ ಅನ್ನೋದಷ್ಟೇ ಪ್ರಶ್ನೆ.

ಇನ್ನೊಂದು ಹಳೇ ಉದಾಹರಣೆ, ನಿಮ್ಮ ಅಜ್ಜ ಅಜ್ಜಿಯರಿಗೆ ಚೆನ್ನಾಗಿ ಗೊತ್ತು. ಕೆಲವು ಅಂಗಡಿಯವರು ಎರಡು ಸೇರು ಇಟ್ಟುಕೊಳ್ತಿದ್ದರಂತೆ. ರೈತನಿಂದ ಕೊಳ್ಳುವಾಗ ದೊಡ್ಡ ಸೇರು, ರೈತನಿಗೆ ಕೊಡುವಾಗ ಸಣ್ಣ ಸೇರು. ರಾಯದುರ್ಗದ ಶೇಂಗಾ ಆಗಲಿ ಮಡಕಶಿರದ ಕಡ್ಲೆಕಾಯಿ ಆಗಲಿ (ಎರಡೂ ಒಂದೇ, ಹೆಸರಿಗೆ ಜಗಳ ಬೇಡ), ಮೋಸ ಹೋಗ್ತಿದ್ದದ್ದು ಹಾಗೆ. ಕಣ್ಣಿಗೆ ಎರಡೂ ಸೇರೇ, ತುಂಬಿ ಅಳೀತಿದ್ದದ್ದೂ ನಿಜವೇ. ಒಂದೊಂದನ್ನೇ ನೋಡಿದರೆ ಮೋಸ ಕಾಣೋದಿಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ ಕಾಣ್ತದೆ. ಈ ಎರಡು ಸೇರಿನ ಮಾತನ್ನು ತಲೆಯಲ್ಲಿ ಇಟ್ಟುಕೊಳ್ಳಿ, ನಮ್ಮ ಗಡಿಯ ಕಥೆ ಇದರಿಂದಲೇ ಅರ್ಥ ಆಗ್ತದೆ.

1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದಿಂದ ಬೇರೆಯಾಗಿ ಆಂಧ್ರ ರಾಜ್ಯ ಆಯ್ತು. ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ, ಉಳಿದವು ಮೈಸೂರಿಗೆ. ಮಡಕಶಿರದ ಕಥೆ ಬೇರೆ. ಅದು ಅನಂತಪುರ ಜಿಲ್ಲೆಯಲ್ಲೇ ಇತ್ತು, ಜಿಲ್ಲೆಯ ಜೊತೆಗೇ ಆಂಧ್ರಕ್ಕೆ ಹೋಯ್ತು. ಹೇಮಾವತಿಯಲ್ಲಿ ನೊಳಂಬರ ರಾಜಧಾನಿ ಇತ್ತು, ಅಲ್ಲಿ ಕನ್ನಡ ಶಾಸನಗಳಿವೆ ಅಂತ ನಾವು ಎದೆ ತಟ್ಟಿಕೊಳ್ತೇವೆ. ತಟ್ಟಿಕೊಳ್ಳೋಣ. ಆದರೆ ಗೆರೆ ಎಳೆದವರ ಎದುರಿಗೆ ಇದ್ದದ್ದು ಶಾಸನ ಅಲ್ಲ, ಜಿಲ್ಲೆಯ ನಕ್ಷೆ.

ತೀರ್ಪು ಹೇಳೋಕೆ ಯಾರನ್ನು ಕರೆದರು ನೋಡಿ. ಬಳ್ಳಾರಿ ಯಾರದು ಅನ್ನೋ ತಗಾದೆ ಕಾಂಗ್ರೆಸ್ಸಿನ ಒಳಗೆ 1921ರಲ್ಲೇ ಎದ್ದಾಗ, ಆಂಧ್ರ ಸಮಿತಿಗೂ ಕರ್ನಾಟಕ ಸಮಿತಿಗೂ ನಡುವೆ ಪಂಚಾಯ್ತಿ ಮಾಡೋಕೆ ಕರೆದದ್ದು ಎನ್.ಸಿ. ಕೇಳ್ಕರ್ ಅವರನ್ನ. ಮರಾಠಿಯವರು, ಈ ಕಡೆಯೂ ಅಲ್ಲ ಆ ಕಡೆಯೂ ಅಲ್ಲ. 1953ರ ಮಾರ್ಚ್ 25ಕ್ಕೆ ನೆಹರೂ ಪಾರ್ಲಿಮೆಂಟಿನಲ್ಲಿ ಹೇಳಿಕೆ ಕೊಟ್ಟಾಗ ಬಳ್ಳಾರಿ ತಾಲೂಕು ಒಂದನ್ನು ತೀರ್ಮಾನಿಸದೆ ಉಳಿಸಿದರು. ಅದನ್ನು ನೋಡೋಕೆ ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಬಂದರು, ಬಳ್ಳಾರಿ ತಾಲೂಕು ಮೈಸೂರಿಗೆ ಅಂತ ಹೇಳಿದರು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶ ಆಗಬಾರದು ಅನ್ನೋ ನಿಯಮ ಇಲ್ಲಿ ಪಾಲನೆ ಆಯ್ತು. ಬಳ್ಳಾರಿ ಮಿಶ್ರ ಭಾಷೆಯ ತಾಲೂಕು, ಎರಡೂ ಕಡೆ ಕಾವು ಏರಿತ್ತು. ಕನ್ನಡದವರೋ ತೆಲುಗಿನವರೋ ಯಾರೇ ಆ ಕುರ್ಚಿಯಲ್ಲಿ ಕೂತಿದ್ದರೂ ಸೋತವರು ತೀರ್ಪನ್ನು ನಂಬ್ತಿರಲಿಲ್ಲ.

ಆದರೆ ನ್ಯಾಯಾಧೀಶ ಹೊರಗಿನವನಾದರೆ ಸಾಕಾ? ಸೇರಿನ ಪ್ರಶ್ನೆ ಉಳೀತದಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಅಳೆದ ಸೇರು ತಾಲೂಕು. ತಾಲೂಕು ಇಡಿಯಾಗಿ ಆ ಕಡೆ ಇಲ್ಲಾ ಈ ಕಡೆ. 1955ರಲ್ಲಿ ವರದಿ ಕೊಟ್ಟ ರಾಜ್ಯ ಪುನರ್ವಿಂಗಡಣಾ ಆಯೋಗ, ಅದೇ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಮೂವರ ಆಯೋಗ, ಸಾಮಾನ್ಯವಾಗಿ ಜಿಲ್ಲೆಯೇ ಅಳತೆ ಅಂತು. ಆಮೇಲೆ ಆಂಧ್ರಕ್ಕೂ ಮದ್ರಾಸಿಗೂ ಗಡಿ ತಕರಾರು ಬಂದಾಗ ಪಾಟಸ್ಕರ್ ಅವರು ಮಧ್ಯಸ್ಥಿಕೆ ಮಾಡಿದರು, ಅಲ್ಲಿ ಹಳ್ಳಿಯೇ ಅಳತೆ. ಆ ಪ್ರಕಾರ 1959ರಲ್ಲಿ ಕಾನೂನಾಗಿ, 1960ರ ಏಪ್ರಿಲ್ 1ರಿಂದ ಹಳ್ಳಿಗಳು ಅತ್ತಿಂದಿತ್ತ ಹೋದವು.

ಈಗ ನಕ್ಷೆ ಎದುರಿಗಿಟ್ಟುಕೊಂಡು ಯೋಚನೆ ಮಾಡಿ. ಜಿಲ್ಲೆಯ ಸೇರಿನಲ್ಲಿ ಅಳೆದರೆ ಮಡಕಶಿರ ಅನಂತಪುರದ್ದೇ, ಮಾತೇ ಇಲ್ಲ. ಹಳ್ಳಿಯ ಸೇರಿನಲ್ಲಿ ಅಳೆದರೆ ಅಗಳಿ, ರೊಳ್ಳ, ಅಮರಾಪುರ ಕಡೆಯ ಹಳ್ಳಿಗಳು ಚರ್ಚೆಗೆ ಬರ್ತವೆ. ಡಿ. ಹಿರೇಹಾಳ, ಬೊಮ್ಮನಹಾಳ ಕಡೆಯವೂ ಬರ್ತವೆ. ‘ಆಂಧ್ರದವರು ಮದ್ರಾಸಿನ ಜೊತೆ ಹಳ್ಳಿ ಲೆಕ್ಕ ಹಿಡಿದರು, ನಮ್ಮ ಜೊತೆ ಮಾತ್ರ ಯಾಕೆ ತಾಲೂಕು ಲೆಕ್ಕ?’ ಇದು ನ್ಯಾಯವಾದ ಪ್ರಶ್ನೆ, ನಾವೂ ಕೇಳ್ತೇವೆ.

ಆದರೆ ಹಳ್ಳಿಯ ಸೇರನ್ನು ಕೈಯಲ್ಲಿ ಹಿಡಿದವನು ಮಡಕಶಿರ ದಾಟಿ ಪಾವಗಡಕ್ಕೂ ಹೋಗಬೇಕಾಗ್ತದೆ. ಪಾವಗಡ ಕರ್ನಾಟಕದ್ದು, ತುಮಕೂರು ಜಿಲ್ಲೆ. ಹೆಚ್ಚು ಕಡಿಮೆ ಎಲ್ಲಾ ದಿಕ್ಕಿನಲ್ಲೂ ಆಂಧ್ರ ಸುತ್ತಿಕೊಂಡಿದೆ, ಮನೆಮನೆಯಲ್ಲಿ ತೆಲುಗು. ನಮಗೆ ಮಡಕಶಿರ ಹೇಗೋ ಅವರಿಗೆ ಪಾವಗಡ ಹಾಗೆ, ಕನ್ನಡಿಯಲ್ಲಿ ನೋಡಿದ ಹಾಗೆ. ಕೋಲಾರದಲ್ಲೂ ತೆಲುಗು ಮಾತಾಡುವವರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಅದು ಮೈಸೂರಿನಲ್ಲೇ ಉಳೀತು. ನಮ್ಮ ಸೇರನ್ನು ಅಲ್ಲಿಗೆ ಒಯ್ಯೋಕೆ ನಾವು ತಯಾರಾ? ತಯಾರಿಲ್ಲ ಅಂದರೆ ಆ ಸೇರಿನ ಹೆಸರು ನ್ಯಾಯ ಅಂತ ಹೇಳಬಾರದು, ಆಸೆ ಅಂತ ಹೇಳಬೇಕು. ಆಸೆ ಇರೋದು ತಪ್ಪಲ್ಲ. ಹೆಸರು ಮಾತ್ರ ಸರಿ ಇರಲಿ.

ಬರೀ ನಮ್ಮ ಮೇಲೆ ಹೇಳಿದರೆ ಅದೂ ಪಕ್ಷಪಾತವೇ. ಎಲ್ಲರ ಅಂಗಡಿಯಲ್ಲೂ ಎರಡೆರಡು ಸೇರು ಇದ್ದವು. ತೆಲುಗು ಭಾಷೆಯ ಆಧಾರದ ಮೇಲೆ ರಾಜ್ಯ ಪಡೆದ ಆಂಧ್ರ, ಬಳ್ಳಾರಿಯ ವಿಚಾರಕ್ಕೆ ಬಂದಾಗ ತುಂಗಭದ್ರಾ ಅಣೆಕಟ್ಟಿನ ಮಾತಾಡ್ತು. 1955ರ ಆಯೋಗವೂ ಅಣೆಕಟ್ಟಿನ ನೆಪದಲ್ಲಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಆಂಧ್ರಕ್ಕೆ ಹೋಗಲಿ ಅಂತ ಶಿಫಾರಸು ಮಾಡಿಬಿಟ್ಟಿತ್ತು. ಕೇಂದ್ರ ಸರ್ಕಾರ ಒಪ್ಪಲಿಲ್ಲ, ನಮ್ಮ ಅದೃಷ್ಟ. ಮಹಾರಾಷ್ಟ್ರ ಬೆಳಗಾವಿಯಲ್ಲಿ ಹಳ್ಳಿ ಲೆಕ್ಕ, ತಲೆ ಲೆಕ್ಕ ಹಿಡೀತದೆ. ಕರ್ನಾಟಕ ಕಾಸರಗೋಡಿನಲ್ಲಿ ಜನರ ಭಾಷೆ ನೋಡಿ ಅನ್ನುತ್ತದೆ, ಬೆಳಗಾವಿ ನಗರಕ್ಕೆ ಬಂದರೆ ಇತಿಹಾಸ, ಭೂಗೋಳ, ಆಡಳಿತ ಎಲ್ಲವನ್ನೂ ನೋಡಬೇಕು ಅನ್ನುತ್ತದೆ. ಒಂದೊಂದು ಕಡೆ ಒಂದೊಂದು ಕಾರಣ ಬಲವಾಗಿರಬಹುದು, ಇಲ್ಲ ಅನ್ನೋದಿಲ್ಲ. ಆದರೆ ಕಾರಣ ಬದಲಾಯಿಸಿದವರು ಯಾಕೆ ಬದಲಾಯ್ತು ಅಂತ ಬಾಯಿಬಿಟ್ಟು ಹೇಳಬೇಕು.

ಇಲ್ಲೇ ಇನ್ನೊಂದು ಮಾತು. ‘ಮಹಾಜನ ಆಯೋಗ ರಾಯದುರ್ಗ, ಮಡಕಶಿರವನ್ನು ಕರ್ನಾಟಕಕ್ಕೆ ಕೊಟ್ಟಿತ್ತು’ ಅಂತ ವಾಟ್ಸಾಪಿನಲ್ಲಿ ಫೋಟೋ ಸಮೇತ ಓಡಾಡ್ತದೆ. ದಯವಿಟ್ಟು ಅದನ್ನು ಮುಂದೆ ಕಳಿಸಬೇಡಿ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಆ ಆಯೋಗ ನೋಡಿದ್ದು ಮಹಾರಾಷ್ಟ್ರ ಮತ್ತು ಕೇರಳದ ಜೊತೆಗಿನ ಗಡಿಯನ್ನ. ಆಂಧ್ರದ ಗಡಿ ಅದರ ಮುಂದೆ ಇರಲೇ ಇಲ್ಲ. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಅದು ಹೇಳಿತು, ನಿಜ. ಅದೇ ವರದಿ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಬೇಕು ಅಂತಲೂ ಹೇಳಿದೆ. ವರದಿ ನಮ್ಮದು ಅನ್ನುವವರು ಆ ಪುಟವನ್ನೂ ನಮ್ಮದು ಅನ್ನಬೇಕು. ಬ್ಯಾಂಕಿನಲ್ಲಿ ಜಮಾ ಪುಟ ಮಾತ್ರ ತೋರಿಸಿ ಖರ್ಚಿನ ಪುಟ ಹರಿದುಹಾಕಿದರೆ ಆಡಿಟರ್ ಸುಮ್ಮನೆ ಬಿಡ್ತಾರಾ?

ಗಡಿ ಕಥೆ ಸಾಕು. ಅರವತ್ತು ಎಪ್ಪತ್ತು ವರ್ಷದ ಹಿಂದಿನದು, ನಮ್ಮ ನಿಮ್ಮ ಕೈಯಲ್ಲಿ ಇಲ್ಲ. ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳೀತು. ಆಗಲೂ ಯಾರೂ ನಮ್ಮನ್ನು ಕೇಳಲಿಲ್ಲ. ಈಗ ನಮ್ಮ ಕೌಂಟರಿಗೆ ಬನ್ನಿ.

ಬ್ಯಾಂಕಿನಲ್ಲಿ ಅರ್ಜಿ, ಚಲನ್, ಪಾಸ್‌ಬುಕ್ ಮೂರು ಭಾಷೆಯಲ್ಲಿ ಇರಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆ. ಇಂಗ್ಲಿಷು, ಹಿಂದಿ ಮತ್ತು ಆಯಾ ಪ್ರಾದೇಶಿಕ ಭಾಷೆ. ಎಷ್ಟು ಚೆಂದದ ನಿಯಮ ನೋಡಿ, ಯಾರ ಮೇಲೂ ದ್ವೇಷ ಇಲ್ಲ. ಆದರೆ ರೊಳ್ಳದಲ್ಲಿ ಪ್ರಾದೇಶಿಕ ಭಾಷೆ ಅಂದರೆ ತೆಲುಗು. ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿ ಬಿಟ್ಟ ಹೆಣ್ಣುಮಗಳಿಗೆ ಆ ಮೂರೂ ಭಾಷೆ ಓದೋಕೆ ಬರೋದಿಲ್ಲ. ಅವಳ ಕೈಯಲ್ಲಿರೋ ಚಲನ್ ಮೂರು ಸಲ ಮುದ್ರಣ ಆದ ಮೌನ. ಪಾವಗಡದ ಯಾವುದೋ ಹಳ್ಳಿಯಲ್ಲಿ ತೆಲುಗು ಮಾತ್ರ ಬಲ್ಲ ಅಜ್ಜನಿಗೂ ಇದೇ ಗತಿ, ಅಲ್ಲಿ ಪ್ರಾದೇಶಿಕ ಭಾಷೆ ಕನ್ನಡ. ಇಲ್ಲಿ ಯಾವ ನೌಕರನೂ ಪಕ್ಷಪಾತ ಮಾಡಿಲ್ಲ, ಆದರೂ ತಕ್ಕಡಿ ವಾಲಿದೆ. ಹಾಗಾಗಿ ಕೌಂಟರಿನಲ್ಲಿ ಕೂತ ಹುಡುಗನ ಮೇಲೆ ಕೂಗಾಡೋದರಿಂದ ಏನೂ ಆಗೋದಿಲ್ಲ. ಗಡಿ ತಾಲೂಕುಗಳಲ್ಲಿ ನಾಲ್ಕನೇ ಭಾಷೆಯನ್ನೂ ಹಾಕಿ ಅಂತ ಮೇಲಿನವರಿಗೆ ಬರೀಬೇಕು. ಬರೆಯುವಾಗ ‘ಮಡಕಶಿರದಲ್ಲಿ ಕನ್ನಡ, ಪಾವಗಡದಲ್ಲಿ ತೆಲುಗು’ ಅಂತ ಎರಡನ್ನೂ ಒಂದೇ ಕಾಗದದಲ್ಲಿ ಬರೆಯಿರಿ ಅನ್ನೋದು ನಮ್ಮ ಸಲಹೆ. ಓದುವವನಿಗೆ ಇವರು ತಮ್ಮದಷ್ಟೇ ಕೇಳ್ತಿಲ್ಲ ಅಂತ ಗೊತ್ತಾಗ್ತದೆ.

ಇನ್ನು ಕೆಲವು ಸಲ ನಿಯಮ ಸರಿಯಾಗೇ ಇರ್ತದೆ, ಮನುಷ್ಯ ವಾಲಿರ್ತಾನೆ. ಒಂದು ಶಾಖೆಯಲ್ಲಿ ನಮ್ಮ ಕಣ್ಣೆದುರೇ ನಡೆದದ್ದು. ಪಿಂಚಣಿ ತೆಗೆಯೋಕೆ ಬಂದ ಅಜ್ಜಿ ವಿತ್‌ಡ್ರಾವಲ್ ಸ್ಲಿಪ್ಪಿನಲ್ಲಿ ಕನ್ನಡದಲ್ಲಿ ರುಜು ಮಾಡಿದರು. ಗುಂಡಗೆ, ನಿಧಾನಕ್ಕೆ, ಒಂದೊಂದು ಅಕ್ಷರ ಕೂರಿಸಿ. ಹೊಸದಾಗಿ ಬಂದಿದ್ದ ಹುಡುಗ ಸ್ಲಿಪ್ಪನ್ನು ವಾಪಸ್ ತಳ್ಳಿ, ‘ಅವ್ವಾ, ಸಂತಕಂ ತೆಲುಗುಲೋ ಪೆಟ್ಟು, ಲೇದಂಟೇ ವೇಲಿಮುದ್ರ ವೆಯ್’ ಅಂದ. ತೆಲುಗಲ್ಲಿ ಸಹಿ ಮಾಡು, ಇಲ್ಲಾ ಹೆಬ್ಬೆಟ್ಟು ಒತ್ತು. ಅಜ್ಜಿಗೆ ಸಿಟ್ಟು ಬಂತು. ‘ಯಪ್ಪಾ, ಅಕ್ಷರ ಕಲ್ತು ಅರವತ್ತು ವರ್ಷ ಆತು, ಈಗ ಹೆಬ್ಬೆಟ್ಟು ಒತ್ತು ಅಂತೀಯಲ್ಲ’ ಅಂದರು.

ಆ ಹುಡುಗ ಕನ್ನಡ ದ್ವೇಷಿ ಏನಲ್ಲ. ಅವನಿಗೆ ಆ ಅಕ್ಷರ ಓದೋಕೆ ಬರಲಿಲ್ಲ, ಹೆದರಿದ. ಆದರೆ ಸಹಿಯನ್ನು ಯಾರು ಓದ್ತಾರೆ ಹೇಳಿ? ಡಾಕ್ಟರುಗಳ ಇಂಗ್ಲಿಷ್ ಸಹಿಯನ್ನು ಯಾರಾದರೂ ಓದಿದ್ದುಂಟಾ? ಸಹಿಯನ್ನು ಓದೋದಿಲ್ಲ, ಖಾತೆ ತೆರೆಯುವಾಗ ಕೊಟ್ಟ ಮಾದರಿ ಸಹಿಯ ಜೊತೆ ಹೋಲಿಸ್ತೇವೆ ಅಷ್ಟೇ. ಗೀಟು ಗೀಟಿಗೆ ಹೊಂದಿದರೆ ಮುಗೀತು. ಗೊತ್ತಿಲ್ಲದ ಅಕ್ಷರ ಕಂಡಾಗ ಅನುಮಾನ ಹುಟ್ಟೋದು, ಗೊತ್ತಿರೋ ಅಕ್ಷರ ಕಂಡಾಗ ನಂಬಿಕೆ ಹುಟ್ಟೋದು, ಇದಕ್ಕೇ ಪೂರ್ವಗ್ರಹ ಅನ್ನೋದು. ನೋಡುವ ಮೊದಲೇ ಹಿಡಿದುಕೊಂಡುಬಿಟ್ಟದ್ದು ಅಂತ ಆ ಪದದ ಅರ್ಥ. ಸ್ಕ್ರೀನಿನ ಮೇಲೆ ಮಾದರಿ ಸಹಿ ತೆಗೆದು ತೋರಿಸಿದ ಮೇಲೆ ಅವನು ದುಡ್ಡು ಕೊಟ್ಟ. ಅಜ್ಜಿ ಎಣಿಸಿಕೊಂಡು, ಅವನಿಗೆ ತೆಲುಗಿನಲ್ಲೇ ಎರಡು ಬುದ್ಧಿಮಾತು ಹೇಳಿ ಹೋದರು. ಆ ತೆಲುಗು ನಮ್ಮ ತೆಲುಗಿಗಿಂತ ಚೆನ್ನಾಗಿತ್ತು.

ಚೆಕ್ಕಿನ ವಿಷಯ ಸ್ವಲ್ಪ ಬೇರೆ, ಗೊತ್ತಿರಲಿ. ಚೆಕ್ಕನ್ನು ಹಿಂದಿ, ಇಂಗ್ಲಿಷ್ ಅಥವಾ ಆ ಪ್ರಾದೇಶಿಕ ಭಾಷೆಯಲ್ಲಿ ಬರೀಬಹುದು ಅಂತ ನಿಯಮ ಇದೆ. ಅಲ್ಲಿ ಮೊತ್ತವನ್ನು ನಿಜಕ್ಕೂ ಓದಬೇಕಲ್ಲ. ಸಹಿ ಮತ್ತು ಮೊತ್ತ ಎರಡನ್ನೂ ಒಂದೇ ಅಂತ ವಾದ ಮಾಡೋಕೆ ಹೋಗಬೇಡಿ, ಸೋಲ್ತೀರಿ.

ಬ್ಯಾಂಕಿನಲ್ಲಿ ನಾವು ಕಲಿತ ದೊಡ್ಡ ಪಾಠ ಏನಂದರೆ, ನಿಷ್ಪಕ್ಷಪಾತವನ್ನು ಮನುಷ್ಯನ ಮನಸ್ಸಿಗೆ ಬಿಡಬಾರದು. ಒಬ್ಬ ಎಂಟ್ರಿ ಹಾಕ್ತಾನೆ, ಇನ್ನೊಬ್ಬ ಪಾಸ್ ಮಾಡ್ತಾನೆ. ತನ್ನ ಸ್ವಂತ ಖಾತೆಯ ಎಂಟ್ರಿಯನ್ನು ತಾನೇ ಹಾಕಿಕೊಳ್ಳುವಂತಿಲ್ಲ, ಅವನು ಎಷ್ಟೇ ಸತ್ಯಹರಿಶ್ಚಂದ್ರ ಆಗಿರಲಿ. ಇದು ಅವಮಾನ ಅಂತ ಯಾರೂ ತಿಳಿಯೋದಿಲ್ಲ. ತುಂಗಭದ್ರಾ ಮಂಡಳಿಯೂ ಹೀಗೇ. ಬಲದಂಡೆ ಮೇಲ್ಮಟ್ಟದ ಕಾಲುವೆ ಬಳ್ಳಾರಿ ದಾಟಿ ಬೊಮ್ಮನಹಾಳ, ಕಣೇಕಲ್ ಕಡೆ ಬರ್ತದೆ. ಆ ಕಾಲುವೆಯಲ್ಲಿ ಆಂಧ್ರದ ಪಾಲು 32.5 ಟಿಎಂಸಿ, ಕರ್ನಾಟಕದ ಪಾಲು 17.5. ಮೇಲಿನವರು ತಾವೇ ಅಳೆದು ತಾವೇ ಬಿಟ್ಟಿದ್ದರೆ ಪ್ರತಿ ಬೇಸಿಗೆಯಲ್ಲೂ ಗಡಿಯಲ್ಲಿ ಬಡಿದಾಟ ಆಗ್ತಿತ್ತು. ಅದಕ್ಕೇ 1953ರಿಂದ ಎರಡೂ ಕಡೆಯವರಿರೋ ಮಂಡಳಿ, ಅದರ ಅಧ್ಯಕ್ಷರನ್ನು ನೇಮಿಸೋದು ಕೇಂದ್ರ. ಜಗಳ ಇಲ್ಲವೇ ಇಲ್ಲ ಅಂತ ಅಲ್ಲ, ಅಂಕಿಯನ್ನಿಟ್ಟುಕೊಂಡು ಜಗಳ ಆಡ್ತಾರೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಅದನ್ನು ನಿಲ್ಲಿಸೋಕೆ ಬಂದ ತಜ್ಞರು ಕನ್ನಯ್ಯ ನಾಯ್ಡು, ತೆಲುಗಿನವರು. ಹೊಸಪೇಟೆಯ ಕನ್ನಡದ ಜನ ಅವರಿಗೆ ಹಾರ ಹಾಕಿ ಖುಷಿ ಪಟ್ಟರು. ಇದನ್ನು ಹೇಳದೆ ಮುಂದೆ ಹೋಗೋಕೆ ಮನಸ್ಸು ಬರಲಿಲ್ಲ.

ಈಗ ನಿಮ್ಮ ಉದ್ಯೋಗದ ಮಾತು. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಅರ್ಜಿ ಹಾಕುವಾಗ ಒಂದು ರಾಜ್ಯ ಆರಿಸಿಕೊಳ್ಳಬೇಕು. ಆ ರಾಜ್ಯದ ಅಧಿಕೃತ ಭಾಷೆ ಓದೋಕೆ, ಬರೆಯೋಕೆ, ಮಾತಾಡೋಕೆ ಬರಬೇಕು. ಆಂಧ್ರ ಆರಿಸಿದರೆ ತೆಲುಗು, ಕರ್ನಾಟಕ ಆರಿಸಿದರೆ ಕನ್ನಡ. ಕರ್ನಾಟಕದ ಬ್ಯಾಂಕುಗಳಲ್ಲಿ ಕನ್ನಡ ಬಾರದವರು ಕೂತಾಗ ನಾವೆಲ್ಲ ಪೋಸ್ಟ್ ಹಾಕಿದ್ದೇವೆ, ಸರಿಯಾಗೇ ಹಾಕಿದ್ದೇವೆ. ಹಾಗಾದ ಮೇಲೆ ಆಂಧ್ರದ ಶಾಖೆಯಲ್ಲಿ ಕೆಲಸ ಬೇಕು ಅನ್ನೋ ನಮ್ಮ ಹುಡುಗರು ತೆಲುಗು ಲಿಪಿ ಕಲೀಲೇಬೇಕು. ‘ನಮಗೆ ಮಾತ್ರ ವಿನಾಯಿತಿ ಕೊಡಿ’ ಅಂತ ಕೇಳೋಕೆ ನಮಗೆ ಬಾಯಿ ಬರಬಾರದು. ಮೂರು ತಿಂಗಳ ಕೆಲಸ ಅದು, ಅಕ್ಷರಗಳು ಅಕ್ಕತಂಗಿಯರ ಹಾಗೇ ಇವೆ.

ಅದೇ ರೀತಿ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಅವಕಾಶ ಇದೆ. ಆ ನಿಯಮದಲ್ಲಿ ಆದೋನಿ, ಆಲೂರು, ರಾಯದುರ್ಗ, ಮಡಕಶಿರ ನಾಲ್ಕೂ ತಾಲೂಕಿನ ಹೆಸರಿದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಕನ್ನಡದ ಪರೀಕ್ಷೆ ಬರೀಬೇಕು. ಪ್ರತಿ ವರ್ಷ ಯಾರಾದರೊಬ್ಬರು ಬಂದು ‘ಅಣ್ಣಾ, ನಮ್ಮ ಮನೆಯಲ್ಲಿ ತೆಲುಗು, ಆದ್ರೆ ಸರ್ಟಿಫಿಕೇಟಿಗೆ ಸ್ವಲ್ಪ ಸಹಾಯ ಮಾಡಿ’ ಅಂತಾರೆ. ಬರೋರು ಒಳ್ಳೇ ಹುಡುಗರೇ, ಸ್ನೇಹಿತರ ತಮ್ಮಂದಿರೇ. ಆಗೋದಿಲ್ಲ ಅಂತ ಹೇಳೋದು ಕಷ್ಟ, ಹೇಳ್ತೇವೆ. ಆ ಒಂದು ಸೀಟು ರೊಳ್ಳದ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ ಯಾವುದೋ ಹುಡುಗಿಯದು, ನಮಗೆ ಅವಳ ಮುಖ ಗೊತ್ತಿಲ್ಲದಿದ್ದರೂ.

ಈಗ ಬಂತು ನಿಜವಾದ ಪರೀಕ್ಷೆ. 2027ರ ಜನಗಣತಿ. ಜನರನ್ನು ಎಣಿಸೋ ಹಂತ ಫೆಬ್ರವರಿಯಲ್ಲಿ, ಲೆಕ್ಕಕ್ಕೆ ಹಿಡಿಯೋ ದಿನ ಮಾರ್ಚ್ 1. ಹಿಂದಿನ ಗಣತಿಗಳಲ್ಲಿ ಮಾತೃಭಾಷೆ ಕೇಳಿದ್ದು ಈ ಹಂತದಲ್ಲೇ. 2011ರಲ್ಲಿ ಮಾತೃಭಾಷೆಯ ಜೊತೆಗೆ ಗೊತ್ತಿರೋ ಇನ್ನೆರಡು ಭಾಷೆಗಳನ್ನೂ ಕೇಳಿದ್ದರು.

ಈ ಅಂಕಿ ಯಾಕೆ ಮುಖ್ಯ ಅಂತ ಒಂದೆರಡು ಮಾತು. ಒಂದು ಪ್ರದೇಶದಲ್ಲಿ ಭಾಷಾ ಅಲ್ಪಸಂಖ್ಯಾತರು ನೂರಕ್ಕೆ 15ರಿಂದ 20 ಇದ್ದರೆ ಸರ್ಕಾರದ ಮುಖ್ಯ ನೋಟಿಸು, ನಿಯಮಗಳನ್ನು ಅವರ ಭಾಷೆಯಲ್ಲೂ ಹಾಕಬೇಕು ಅಂತ 1956ರ ಕೇಂದ್ರದ ಜ್ಞಾಪನಪತ್ರದಿಂದ ಬಂದ ಏರ್ಪಾಡಿದೆ. ಶಾಲೆಗೆ ಬೇರೆ ಲೆಕ್ಕ. ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಮೇಷ್ಟ್ರು ಬೇಕು ಅಂತ 1949ರಲ್ಲೇ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದೆ. ಸಂವಿಧಾನದ 350ಎ ಪ್ರಾಥಮಿಕ ಶಾಲೆಯ ಮಾತೃಭಾಷೆಯ ಬಗ್ಗೆ, 350ಬಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಬಗ್ಗೆ. ನಾವು ಅರ್ಜಿ ಹಿಡಿದು ಹೋದಾಗೆಲ್ಲ ಅಧಿಕಾರಿ ಕೇಳೋ ಮೊದಲ ಪ್ರಶ್ನೆ ‘ಎಷ್ಟು ಜನ ಇದ್ದೀರಿ?’ ಅನ್ನೋದೇ.

ಹಾಗಾಗಿ ಆಸೆ ಆಗ್ತದೆ. ನಮ್ಮ ಹುಡುಗರ ಗುಂಪುಗಳಲ್ಲಿ ಈಗಲೇ ಮಾತು ಶುರುವಾಗಿದೆ. ಮನೆಮನೆಗೆ ಹೋಗೋಣ, ‘ಮಾತೃಭಾಷೆ ಕನ್ನಡ ಅಂತ ಬರೆಸಿ’ ಅಂತ ಹೇಳೋಣ. ಹೋಗೋಣ, ನಾವೂ ಬರ್ತೇವೆ. ಆದರೆ ಯಾರ ಮನೆಗೆ, ಏನು ಹೇಳೋಕೆ?

ತಾಯಿ ಮಗುವಿಗೆ ಚಿಕ್ಕಂದಿನಲ್ಲಿ ಆಡಿದ ಭಾಷೆ ಮಾತೃಭಾಷೆ, ಇದು ಗಣತಿಯ ವ್ಯಾಖ್ಯೆ. ಮನೆಯಲ್ಲಿ ಅಪ್ಪಟ ಕನ್ನಡ ಆಡಿ, ‘ಆಂಧ್ರದಲ್ಲಿದ್ದೇವೆ, ತೆಲುಗು ಅಂತ ಬರೆದರೆ ಒಳ್ಳೇದೇನೋ, ರೇಷನ್ನಿಗೆ ತೊಂದರೆ ಆಗ್ತದೇನೋ’ ಅಂತ ಹೆದರೋ ಮನೆಗಳು ನೂರಾರು ಇವೆ. ಆ ಮನೆಗಳಿಗೆ ಹೋಗಿ, ಹೆದರಬೇಡಿ, ರೇಷನ್ನಿಗೂ ಇದಕ್ಕೂ ಸಂಬಂಧ ಇಲ್ಲ, ಇದ್ದದ್ದನ್ನು ಹೇಳಿ ಅಂತ ಹೇಳೋದು ನಮ್ಮ ಕೆಲಸ. ನಮ್ಮ ನಿಜವಾದ ನಷ್ಟ ಇರೋದೇ ಇಲ್ಲಿ.

ತಾಂಡಾದಲ್ಲಿ ಲಂಬಾಣಿ ಆಡೋ ಮನೆ ಇದೆ. ಕನ್ನಡ ಶಾಲೆಗೆ ಹೋಗಿ ಮನೆಯಲ್ಲಿ ಉರ್ದು ಆಡೋ ಮನೆ ಇದೆ. ತೆಲುಗಿನವರೇ ಆಗಿ ನಮ್ಮ ಜೊತೆ ಕನ್ನಡ ರಾಜ್ಯೋತ್ಸವಕ್ಕೆ ಬರೋ ಗೆಳೆಯರಿದ್ದಾರೆ. ಅವರ ಬಾಗಿಲಿಗೆ ಹೋಗಿ ‘ನಮಗಾಗಿ ಕನ್ನಡ ಅಂತ ಬರೆಸಿಬಿಡಿ’ ಅನ್ನಬಾರದು. ಗೊತ್ತಿರೋ ಭಾಷೆಗಳ ಕಾಲಂ ಈ ಸಲವೂ ಇದ್ದರೆ ಅಲ್ಲಿ ಕನ್ನಡ ಬರೆಸಲಿ, ಅದು ಸತ್ಯ. ಆದರೆ ಲಂಬಾಣಿ ತಾಯಿಯ ಭಾಷೆಯನ್ನು ಒರೆಸಿ ಕನ್ನಡದ ಅಂಕಿ ಏರಿಸಿಕೊಂಡರೆ, ನಮ್ಮ ಭಾಷೆಯನ್ನು ಒರೆಸಿದರು ಅಂತ ನಾವು ಯಾರ ಮೇಲೆ ದೂರ್ತೇವೋ ಅವರಿಗೂ ನಮಗೂ ಏನು ವ್ಯತ್ಯಾಸ ಉಳೀತು?

‘ಎದುರಿನವರು ಮಾಡ್ತಾರಲ್ಲ’ ಅಂತ ಕೇಳ್ತೀರಿ. ಪಂಜಾಬಿನಲ್ಲಿ 1951ರಲ್ಲಿ ಏನಾಯ್ತು ಅಂತ ಓದಿ. ಮನೆಯಲ್ಲಿ ಪಂಜಾಬಿ ಆಡೋ ಬಹಳಷ್ಟು ಜನ ಗುಂಪುಕಟ್ಟಿಕೊಂಡು ಹಿಂದಿ ಅಂತ ಬರೆಸಿದರು, ಇನ್ನೊಂದು ಗುಂಪು ಅದಕ್ಕೆ ಎದುರಾಯ್ತು. ಗಲಾಟೆ ಎಷ್ಟಾಯ್ತು ಅಂದರೆ ಅಲ್ಲಿಯ ಹಿಂದಿ, ಪಂಜಾಬಿ ಅಂಕಿಗಳನ್ನು ಬೇರೆ ಬೇರೆ ಪ್ರಕಟಿಸಲೇ ಇಲ್ಲ, ಎಲ್ಲ ಸೇರಿಸಿ ಒಂದೇ ಮೊತ್ತ ಹಾಕಿಬಿಟ್ಟರು. ಎರಡೂ ಗುಂಪಿನ ಕೈಗೆ ಅಂಕಿಯೇ ಸಿಗಲಿಲ್ಲ. ನಮ್ಮಂಥ ಸಣ್ಣ ಗುಂಪಿಗೆ ಅಂಕಿ ಒಂದೇ ಆಸ್ತಿ. ಅದರಲ್ಲಿ ಒಂದು ಸುಳ್ಳು ಸಿಕ್ಕಿದರೆ ಉಳಿದ ತೊಂಬತ್ತೊಂಬತ್ತು ನಿಜವನ್ನೂ ಯಾರೂ ನಂಬೋದಿಲ್ಲ. ಖೋಟಾ ನೋಟು ಒಂದು ಕಂಡರೆ ನಾವು ಇಡೀ ಕಟ್ಟನ್ನೇ ಬಿಚ್ಚಿ ನೋಡ್ತೇವೆ.

ಗಣತಿಗೆ ಬರೋರು ಬಹುತೇಕ ಶಾಲೆಯ ಮೇಷ್ಟ್ರುಗಳೇ. ಜನ ಹೇಳಿದ ಭಾಷೆಯನ್ನೇ ಬರೀಬೇಕು, ವಾದ ಮಾಡಬಾರದು ಅಂತ ಅವರಿಗೆ ಕೊಡೋ ಕೈಪಿಡಿಯಲ್ಲೇ ಇರ್ತದೆ. ‘ನೀವು ಆಂಧ್ರದವರಲ್ವಾ, ತೆಲುಗು ಅಂತ ಹಾಕ್ತೀನಿ’ ಅಂತ ಯಾರಾದರೂ ಅಂದರೆ ಜಗಳ ಮಾಡಬೇಡಿ, ವೀಡಿಯೋ ಮಾಡಬೇಡಿ. ‘ಸಾರ್, ನಾನು ಹೇಳಿದ್ದನ್ನೇ ಬರೀಬೇಕಲ್ಲ, ಒಮ್ಮೆ ತೋರಿಸಿ’ ಅನ್ನಿ. ಬರೆದದ್ದನ್ನು ಓದಿ ನೋಡಿ. ಗಣತಿದಾರರು ನಮ್ಮ ಕನ್ನಡ ಮೇಷ್ಟ್ರೇ ಆಗಿದ್ದು, ಪಕ್ಕದ ತೆಲುಗು ಮನೆಯವರಿಗೆ ಕನ್ನಡ ಅಂತ ಹಾಕ್ತಿದ್ದರೆ, ಆಗಲೂ ಇದೇ ಮಾತು ಹೇಳಿ. ಇದು ಮೊದಲನೆಯದಕ್ಕಿಂತ ಕಷ್ಟ, ಗೊತ್ತು. ಮೇಷ್ಟ್ರು ನಮ್ಮವರು, ಬೇಜಾರು ಮಾಡಿಕೊಳ್ತಾರೆ.

ಈಗ ಕೆಲಸದ ಮಾತು. ಡಿ. ಹಿರೇಹಾಳ, ಗುಮ್ಮಗಟ್ಟ, ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ, ಒಂದೊಂದು ಮಂಡಲಕ್ಕೆ ಇಬ್ಬಿಬ್ಬರು ಬೇಕು. ಇಬ್ಬರಲ್ಲಿ ಒಬ್ಬರಿಗಾದರೂ ತೆಲುಗು ಚೆನ್ನಾಗಿ ಓದೋಕೆ ಬರಬೇಕು. ಹೆದರಿಕೊಂಡ ಕನ್ನಡ ಮನೆಗಳ ಪಟ್ಟಿಯನ್ನು ಮಾತ್ರ ಮಾಡಿ, ಬೇರೆಯವರ ಮನೆಯ ಪಟ್ಟಿ ಬೇಡ. ಮನೆಯವರು ಕೇಳೋ ಪ್ರಶ್ನೆಗಳನ್ನು ಬರೆದುಕೊಂಡು ಬನ್ನಿ, ಉತ್ತರ ಎಲ್ಲರೂ ಸೇರಿ ಹುಡುಕೋಣ. ಹೆಸರು ಕೊಡೋರು ಆ ಬಾಗಿಲ ಹತ್ತಿರದ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಕನ್ನಡದಲ್ಲಿ ಬರೆದರೂ ಸರಿ, ತೆಲುಗಿನಲ್ಲಿ ಬರೆದರೂ ಸರಿ. ಫೋನ್ ನಂಬರಿನ ಅಂಕಿ ಮಾತ್ರ ತಿಳಿಯೋ ಹಾಗೆ ಇರಲಿ.